ಗಂಧಕದ ಹೊಗೆಯೂ ಮಲೆನಾಡಿನ ಮೈಲುತುತ್ತವೂ

೧

ಸೊರಬ, ಶಿಕಾರಿಪುರ ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ಪಂಡಿತರ ನೆನಪಿಗೆ ಬರುವುದು ಶಾಸನಗಳು. ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ೭ನೆಯ ಸಂಪುಟವು (೧೯೦೨) ಶಿಕಾರಿಪುರದ ಶಾಸನಗಳನ್ನೂ ೮ನೆಯ ಸಂಪುಟವು (೧೯೦೪) ಸೊರಬದ ಶಾಸನಗಳನ್ನೂ ಒಳಗೊಂಡಿರುತ್ತವೆ. ತಾಳಗುಂದದ ಸ್ತಂಭಶಾಸನ, ಬಳ್ಳಿಗಾವೆಯ ಮಠಗಳ ದತ್ತಿಶಾಸನಗಳು, ಬಂದಳಿಕೆ, ಉದ್ರಿ, ಕುಪ್ಪಗದ್ದೆಗಳ ಲೇಖಗಳು ಇವುಗಳಿಂದ ಈ ಸೀಮೆಯ ರಾಜಕೀಯ, ಧಾರ್ಮಿಕ ಮತ್ತು ಸಾಹಿತ್ಯಕ ಚರಿತ್ರೆ ಬಹುಮಟ್ಟಿಗೆ ಬೆಳಕಿಗೆ ಬಂದಿದೆ. ಆದರೆ ಜನರ ಬಾಳಿಗೆ ಆಧಾರವಾದ ದ್ರವ್ಯಗಳ ಚರಿತ್ರೆಯನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಸಲಿಲ್ಲ. ಅದನ್ನು ತೋಟದ ಬದುವಿನಲ್ಲಿಯೂ, ಅಂಗಡಿಯ ಮೂಟೆಯಲ್ಲಿಯೂ, ಕಾರ್ಖಾನೆಯ ಲೆಕ್ಕಪತ್ರದಲ್ಲಿಯೂ ಹುಡುಕಬೇಕಾಗುವುದು.

ಅಂತಹ ದ್ರವ್ಯಗಳಲ್ಲಿ ಮೈಲುತುತ್ತವೂ ಒಂದು. ಮುಂಗಾರು ಹಿಡಿಯುವುದಕ್ಕೆ ಮೊದಲು ಚಂದ್ರಗುತ್ತಿ, ಉಳವಿಗಳ ಕಡೆಯ ಅಡಿಕೆ ತೋಟಗಳಲ್ಲಿ ಈ ನೀಲಿಯ ಹರಳನ್ನು ನೀರಿನಲ್ಲಿ ಕರಗಿಸಿ, ಸುಣ್ಣದ ತಿಳಿಯೊಡನೆ ಕೂಡಿಸಿ, ಕೊನೆಗಳಿಗೆ ಸಿಂಪಡಿಸುವ ಕೆಲಸವು ಪ್ರತಿವರ್ಷವೂ ನಡೆಯುತ್ತದೆ. ಈ ಹರಳು ಸೊರಬದಲ್ಲಾಗಲಿ ಶಿಕಾರಿಪುರದಲ್ಲಾಗಲಿ ಹುಟ್ಟಿದುದಲ್ಲ. ತಾಮ್ರವೂ ಗಂಧಕವೂ ಕೂಡಿ ಆದುದು ಇದು. ಇದರ ಗಂಧಕಾಂಶದ ಹಿಂದೆ ದೂರದೇಶಗಳ ತಾಮ್ರದ ಕುಲುಮೆಗಳ ಹೊಗೆಯ ಕಥೆಯಿದೆ. ಆ ಹೊಗೆ ಮೊದಲು ಸುತ್ತಲಿನ ಗಿಡಮರಗಳನ್ನು ಒಣಗಿಸಿತು. ಅದನ್ನೇ ಹಿಡಿದು ಆಮ್ಲವನ್ನಾಗಿ ಮಾಡಿದ ಮೇಲೆ, ಆ ಆಮ್ಲದಿಂದ ಮರಗಳನ್ನು ಉಳಿಸುವ ಮದ್ದೂ ಆಗುವಂತಾಯಿತು. ಈ ಪರಿವರ್ತನೆಗೆ ಕಾರಣವಾದುದು ವಿದ್ಯೆಯೋ, ಲಾಭವೋ, ಅಥವಾ ನೆರೆಯವರ ಮೊರೆಯೋ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಗಂಧಕವೂ ಅದರ ಲವಣಗಳೂ ನಮ್ಮ ದೇಶಕ್ಕೆ ಹೊಸವಲ್ಲ. ರಸಶಾಸ್ತ್ರದಲ್ಲಿ ಪಾರದಕ್ಕೆ ಜೊತೆಯಾದ ದ್ರವ್ಯವೆಂದರೆ ಗಂಧಕ. ಕಬ್ಬಿಣದ ಗಂಧಕಲವಣಕ್ಕೆ ಸಂಸ್ಕೃತದಲ್ಲಿ ಕಾಸೀಸವೆಂದೂ ಕನ್ನಡದಲ್ಲಿ ಅನ್ನಭೇದಿಯೆಂದೂ ಹೆಸರು. ಮಸಿ ಮಾಡುವವರಿಗೂ ವೈದ್ಯರಿಗೂ ಇದು ಪರಿಚಿತವಾದ ವಸ್ತು. ತಾಮ್ರದ ಗಂಧಕಲವಣಕ್ಕೆ ತುತ್ಥ, ಮಯೂರತುತ್ಥ, ಶಿಖಿಗ್ರೀವ ಎಂಬ ಹೆಸರುಗಳಿವೆ. ನವಿಲಿನ ಕೊರಳಿನ ಬಣ್ಣವನ್ನು ಕಂಡು ಇಟ್ಟ ಹೆಸರುಗಳಿವು. ಕನ್ನಡದ ಮೈಲುತುತ್ತವೆಂಬ ಮಾತಿನಲ್ಲಿಯೂ ಆ ನವಿಲೇ ಅಡಗಿದೆ.

ಬಳ್ಳಿಗಾವೆಯ ಕೋಡಿಯ ಮಠಕ್ಕೆ ಸಂಬಂಧಿಸಿದ ೧೧೬೨ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನಾದಿಗಳ ಅಧ್ಯಯನದ ಸ್ಥಾನವೆಂದು ಹೊಗಳುವುದರ ಜೊತೆಗೆ, ದೀನರಿಗೂ ಅನಾಥರಿಗೂ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ವರ್ಣಿಸುವುದು ಪಂಡಿತರಿಗೆ ವಿದಿತವೇ ಆಗಿದೆ. ಶಾಸನವು ಔಷಧಗಳನ್ನು ಎಣಿಸುವುದಿಲ್ಲವಾದುದರಿಂದ ಅಲ್ಲಿ ಗಂಧಕವಿತ್ತೆಂದು ಹೇಳುವುದು ಸಾಹಸವಾದೀತು. ಆದರೆ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ನಾಡಿನಲ್ಲಿ ವೈದ್ಯ, ವೃಕ್ಷಾಯುರ್ವೇದ ಮುಂತಾದ ಲೌಕಿಕ ವಿದ್ಯೆಗಳಿಗೆ ಆದರವಿದ್ದಿತೆಂಬುದು ನಿಶ್ಚಯ. ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ೧೧ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಗಿಡಮರಗಳ ಆರೈಕೆಗೂ ಒಂದು ಸ್ಥಾನ ದೊರೆತಿರುವುದು ಇದಕ್ಕೆ ಸಾಕ್ಷಿ.

ಈ ಪ್ರಾಚೀನ ವಿದ್ಯೆಯಲ್ಲಿ ಗಂಧಕವನ್ನು ತೊಲೆಯ ಲೆಕ್ಕದಲ್ಲಿ ತೂಗುತ್ತಿದ್ದರು. ೧೯ನೆಯ ಶತಮಾನದ ಕೈಗಾರಿಕೆಯಲ್ಲಿ ಅದು ಸಾವಿರಾರು ಟನ್ನುಗಳ ಲೆಕ್ಕಕ್ಕೆ ಬಂದಿತು. ಅಳತೆ ಹೀಗೆ ಬದಲಾದುದರಿಂದಲೇ ಹೊಗೆಯ ಪ್ರಶ್ನೆ ಹುಟ್ಟಿತು.

೩

ತಾಮ್ರ, ಸತು, ಸೀಸಗಳ ಮುಖ್ಯ ಅದಿರುಗಳು ಗಂಧಕದೊಡನೆ ಬೆರೆತೇ ಭೂಮಿಯಲ್ಲಿ ದೊರೆಯುತ್ತವೆ. ತಾಮ್ರದ ಅದಿರುಗಳಲ್ಲಿ ಪ್ರಧಾನವಾದ ಚಾಲ್ಕೊಪೈರೈಟನ್ನು ತೆಗೆದುಕೊಂಡರೆ, ಶುದ್ಧವಾದ ಖನಿಜದ ೧೦೦ ಪಾಲಿನಲ್ಲಿ ಸುಮಾರು ೩೫ ಪಾಲು ತಾಮ್ರ, ೩೦ ಪಾಲು ಕಬ್ಬಿಣ, ಉಳಿದ ೩೫ ಪಾಲು ಗಂಧಕ. ಎಂದರೆ ಅದಿರಿನಲ್ಲಿ ಲೋಹವೆಷ್ಟೋ ಗಂಧಕವೂ ಅಷ್ಟೇ. ಅದಿರನ್ನು ಹುರಿದು ಕರಗಿಸುವಾಗ ಈ ಗಂಧಕವು ಉರಿದು ಡೈಆಕ್ಸೈಡ್ ಎಂಬ ಅನಿಲವಾಗಿ ಹೊರಡುತ್ತದೆ. ಮೂಗಿಗೆ ಚುರುಕು ಮುಟ್ಟಿಸುವ ಈ ಅನಿಲವು ಎಲೆಯ ಹಸಿರನ್ನು ಸುಟ್ಟು, ಮಳೆಯ ನೀರಿನೊಡನೆ ಸೇರಿ ನೆಲವನ್ನು ಹುಳಿಯಾಗಿಸುತ್ತದೆ.

ಒಂದು ಟನ್ನು ಗಂಧಕ ಉರಿದರೆ ಎರಡು ಟನ್ನು ಅನಿಲವಾಗುವುದು; ಆ ಅನಿಲವನ್ನೆಲ್ಲ ಹಿಡಿಯಲು ಸಾಧ್ಯವಾದರೆ ಸುಮಾರು ಮೂರು ಟನ್ನು ಗಂಧಕಾಮ್ಲ ದೊರೆಯುವುದು. ಈ ಲೆಕ್ಕವು ರಸಾಯನಜ್ಞರಿಗೆ ಬಹುಕಾಲದಿಂದ ತಿಳಿದಿದ್ದುದೇ. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ೧೭೪೬ರಲ್ಲಿ ಸೀಸದ ಕೋಣೆಗಳಲ್ಲಿ ಆಮ್ಲವನ್ನು ತಯಾರಿಸತೊಡಗಿದನು. ೧೮೩೧ರಲ್ಲಿ ಬ್ರಿಸ್ಟಲ್ಲಿನ ಪೆರಿಗ್ರೀನ್ ಫಿಲಿಪ್ಸ್ ಎಂಬವನು ಪ್ಲಾಟಿನಮ್ಮಿನ ಸ್ಪರ್ಶದಿಂದ ಈ ಅನಿಲವನ್ನು ಆಮ್ಲಕ್ಕೆ ತಿರುಗಿಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದನು. ಹಾಗಿದ್ದರೂ ಕುಲುಮೆಗಳ ಹೊಗೆ ಇನ್ನೂ ಬಹುಕಾಲ ಆಕಾಶಕ್ಕೆ ಹೋಗುತ್ತಲೇ ಇದ್ದಿತು.

ಇದಕ್ಕೆ ಕಾರಣಗಳು ಎರಡು. ಹಳೆಯ ಕುಲುಮೆಗಳಲ್ಲಿ ಗಂಧಕಾನಿಲವು ಕಲ್ಲಿದ್ದಲ ಹೊಗೆಯೊಡನೆಯೂ ಧಾರಾಳವಾದ ಗಾಳಿಯೊಡನೆಯೂ ಬೆರೆತು ಬಹಳ ತೆಳುವಾಗುತ್ತಿತ್ತು. ತೆಳುವಾದ ಅನಿಲದಿಂದ ಆಮ್ಲ ಮಾಡುವುದಕ್ಕೆ ತಗಲುವ ಖರ್ಚು ಆಮ್ಲದ ಬೆಲೆಯನ್ನೇ ಮೀರುತ್ತಿತ್ತು. ಮೇಲಾಗಿ ಅದಿರಿನ ಹೊಗೆಯಲ್ಲಿರುವ ಆರ್ಸೆನಿಕ್ ಮುಂತಾದ ಕಶ್ಮಲಗಳು ಪ್ಲಾಟಿನಮ್ಮಿನ ಶಕ್ತಿಯನ್ನು ಕೆಡಿಸುತ್ತಿದ್ದವು. ಮೊದಲು ಹೊಗೆಯನ್ನು ತೊಳೆದು ಶುದ್ಧಿಗೊಳಿಸದೆ ಸ್ಪರ್ಶಕ್ರಮವು ಸಾಧ್ಯವಿಲ್ಲವೆಂಬುದನ್ನು ಜರ್ಮನಿಯ ಬಿ.ಎ.ಎಸ್.ಎಫ್. ಕಾರ್ಖಾನೆಯಲ್ಲಿ ರುಡಾಲ್ಫ್ ಕ್ನೀಟ್ಷ್ ೧೯ನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟನು. ಅನಂತರ ಅಗ್ಗವಾದ ವೆನೇಡಿಯಮ್ಮಿನ ಲವಣವು ಪ್ಲಾಟಿನಮ್ಮಿನ ಸ್ಥಾನಕ್ಕೆ ಬಂದಿತು. ಕುಲುಮೆಯ ರಚನೆಯೇ ಬದಲಾಗಿ ಹೊಗೆಯು ಗಂಧಕಾನಿಲದಿಂದ ದಟ್ಟವಾಗಿ ಹೊರಡುವಂತಾದುದು ಫಿನ್ಲೆಂಡಿನ ಹರ್ಯಾವಾಲ್ಟದಲ್ಲಿ ೧೯೪೯ರಲ್ಲಿ ನಡೆಗೆ ಬಂದ ಕ್ಷಿಪ್ರದಹನದ ಕುಲುಮೆಯಿಂದ. ಅದನ್ನು ಕಟ್ಟಿದವರ ಮೊದಲ ಗುರಿ ಹೊಗೆಯಾಗಿರಲಿಲ್ಲ. ಯುದ್ಧಾನಂತರದ ವಿದ್ಯುತ್ತಿನ ಅಭಾವದಲ್ಲಿ ಅದಿರಿನ ಗಂಧಕವನ್ನೇ ಸೌದೆಯಾಗಿ ಉರಿಸಬೇಕೆಂಬುದು ಅವರ ಉದ್ದೇಶವಾಗಿತ್ತು.

೪

ವಿದ್ಯೆಯಿದ್ದೂ ಹೊಗೆ ನಿಲ್ಲದಿದ್ದಾಗ ಅದನ್ನು ನಿಲ್ಲಿಸಿದವರು ಯಾರೆಂಬುದಕ್ಕೆ ಮೂರು ಊರುಗಳ ನಿದರ್ಶನ ಸಾಕು.

ಮೊದಲನೆಯದು ವೇಲ್ಸ್ ದೇಶದ ಸ್ವಾನ್ಸಿ. ೧೯ನೆಯ ಶತಮಾನದ ಆದಿಯಲ್ಲಿ ಪ್ರಪಂಚದ ತಾಮ್ರದ ಬಹುಭಾಗವನ್ನು ಕರಗಿಸುತ್ತಿದ್ದ ಪಟ್ಟಣವಿದು. ಸುತ್ತಲಿನ ಬೇಸಾಯಗಾರರು ಪೈರು ಕೆಟ್ಟಿತು, ದನಗಳು ಕುಂಟಾದವು ಎಂದು ದೂರು ಹೂಡಿದರು. ಹೊಗೆಯನ್ನು ನಿವಾರಿಸುವ ಉಪಾಯಕ್ಕಾಗಿ ೧೮೨೦ರ ದಶಕದ ಆರಂಭದಲ್ಲಿ ಬಹುಮಾನದ ನಿಧಿಯೊಂದು ಏರ್ಪಟ್ಟಿತು. ಹೇಫಾಡ್ ಕಾರ್ಖಾನೆಯ ಜಾನ್ ಹೆನ್ರಿ ವಿವಿಯನ್ ಉದ್ದವಾದ ಹೊಗೆಗಾಲುವೆಗಳನ್ನು ಕಟ್ಟಿಸಿ, ಒಳಗೆ ನೀರಿನ ಮಳೆಗರೆಯಿಸಿ ಪರೀಕ್ಷಿಸಿದನು. ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿಯ ಸಲಹೆಯೂ ಆತನಿಗೆ ದೊರೆಯಿತು. ಆದರೆ ಊರಿನ ಅನ್ನವೆಲ್ಲ ತಾಮ್ರದಿಂದಲೇ ಬರುತ್ತಿದ್ದುದರಿಂದ ಹೊಗೆಯ ವಿರುದ್ಧವಾದ ಮೊರೆಗೆ ಬಲ ಬರಲಿಲ್ಲ. ಅವನ ಮಗನ ಕಾಲದಲ್ಲಿ, ೧೮೬೦ರ ದಶಕದಲ್ಲಿ, ಜರ್ಮನಿಯ ಗೆರ್‌ಸ್ಟೆನ್‌ಹೋಫರ್ ರಚಿಸಿದ ಬಗೆಯ ಕುಲುಮೆಗಳನ್ನು ತಂದು, ಗಂಧಕದ ಒಂದು ಭಾಗವನ್ನು ಆಮ್ಲವಾಗಿ ಹಿಡಿಯುವುದು ಸಾಧ್ಯವಾಯಿತು. ಆ ವೇಳೆಗೆ ಸೂಪರ್‌ಫಾಸ್ಫೇಟ್ ಗೊಬ್ಬರಕ್ಕೆ ಆಮ್ಲದ ಗಿರಾಕಿ ಹುಟ್ಟಿದ್ದಿತು.

ಎರಡನೆಯದು ಅಮೆರಿಕದ ಟೆನೆಸಿ ಸಂಸ್ಥಾನದ ಡಕ್‌ಟೌನ್. ಅಲ್ಲಿ ಅದಿರನ್ನು ಬಯಲಿನಲ್ಲಿ ಸೌದೆಯ ಮೇಲೆ ರಾಶಿಹಾಕಿ ವಾರಗಟ್ಟಲೆ ಸುಡುತ್ತಿದ್ದರು. ಸೌದೆಗೆ ಕಾಡು ಹೋಯಿತು. ಹೊಗೆಗೆ ಉಳಿದ ಹಸಿರೂ ಹೋಯಿತು. ಮಳೆಗೆ ಬೆಟ್ಟದ ಮಣ್ಣು ಕೊಚ್ಚಿಹೋಗಿ ಕೆಂಪು ನೆಲ ಬತ್ತಲೆಯಾಯಿತು. ಗಡಿಯಾಚೆಯ ಜಾರ್ಜಿಯ ಸಂಸ್ಥಾನವೇ ವಾದಿಯಾಗಿ ನಿಂತು ಸುಪ್ರೀಂ ಕೋರ್ಟಿಗೆ ಹೋಯಿತು. ೧೯೦೭ರಲ್ಲಿ ತೀರ್ಪು ಜಾರ್ಜಿಯದ ಪರವಾಯಿತು. ತನ್ನ ಪ್ರಜೆಗಳ ಕಾಡಿನ ಮೇಲೂ ಗಾಳಿಯ ಮೇಲೂ ಸಂಸ್ಥಾನಕ್ಕೆ ಒಂದು ಹಕ್ಕಿದೆಯೆಂಬ ತತ್ತ್ವವು ಈ ತೀರ್ಪಿನಲ್ಲಿ ಅಂಗೀಕೃತವಾಯಿತು. ಕಂಪೆನಿಗಳು ಆಮ್ಲದ ಕೋಣೆಗಳನ್ನು ಕಟ್ಟಿದವು; ಆಮ್ಲವು ಗೊಬ್ಬರದ ಕಾರ್ಖಾನೆಗಳಿಗೆ ಹೋಯಿತು. ಕಾಲಾನುಕ್ರಮದಲ್ಲಿ ಅಲ್ಲಿ ತಾಮ್ರಕ್ಕಿಂತ ಆಮ್ಲವೇ ಹೆಚ್ಚು ಮುಖ್ಯವಾದ ಸರಕಾಯಿತು.

ಮೂರನೆಯದು ಕೆನಡಾದ ಟ್ರೇಲ್. ಕೊಲಂಬಿಯ ನದಿಯ ಕಣಿವೆಯಲ್ಲಿ ಸೀಸ ಸತುಗಳನ್ನು ಕರಗಿಸುತ್ತಿದ್ದ ಈ ಕಾರ್ಖಾನೆಗೆ ೧೯೨೫ರಲ್ಲಿಯೂ ೧೯೨೭ರಲ್ಲಿಯೂ ೪೦೯ ಅಡಿ ಎತ್ತರದ ಹೊಗೆಗೊಳವೆಗಳನ್ನು ಕಟ್ಟಿದರು. ಹೊಗೆ ಊರನ್ನು ಬಿಟ್ಟು, ಕಣಿವೆಯ ಗಾಳಿಯೊಡನೆ ಗಡಿ ದಾಟಿ ಅಮೆರಿಕದ ಬೇಸಾಯಗಾರರ ಹೊಲಗಳ ಮೇಲೆ ಇಳಿಯಿತು. ಎರಡು ದೇಶಗಳ ವ್ಯಾಜ್ಯವು ೧೯೩೫ರ ಒಪ್ಪಂದದಂತೆ ಮಧ್ಯಸ್ಥ ನ್ಯಾಯಮಂಡಲಿಗೆ ಹೋಗಿ, ೧೯೩೮ ಮತ್ತು ೧೯೪೧ರಲ್ಲಿ ತೀರ್ಪಾಯಿತು. ಒಂದು ದೇಶವು ತನ್ನ ನೆಲದ ಹೊಗೆಯಿಂದ ಮತ್ತೊಂದು ದೇಶಕ್ಕೆ ಹಾನಿಯಾಗುವಂತೆ ನಡೆಯಲಾಗದೆಂಬ ನ್ಯಾಯಕ್ಕೆ ಈ ಮೊಕದ್ದಮೆಯೇ ಮೊದಲ ಪ್ರಮಾಣವೆಂದು ಇಂದಿಗೂ ನ್ಯಾಯವೇತ್ತರು ಉದಾಹರಿಸುತ್ತಾರೆ. ವ್ಯಾಜ್ಯ ನಡೆಯುತ್ತಿದ್ದಾಗಲೇ, ೧೯೩೦ರ ದಶಕದ ಆದಿಯಲ್ಲಿ, ಕಂಪೆನಿಯು ಗೊಬ್ಬರದ ಕಾರ್ಖಾನೆಯನ್ನು ಕಟ್ಟಿ ಹೊಗೆಯ ಗಂಧಕವನ್ನು ಅಮೋನಿಯಂ ಸಲ್ಫೇಟಾಗಿ ಮಾರತೊಡಗಿತು.

ಈ ಮೂರು ನಿದರ್ಶನಗಳಲ್ಲಿಯೂ ಕ್ರಮವು ಒಂದೇ. ವಿದ್ಯೆ ಮೊದಲೇ ಇದ್ದಿತು. ನೆರೆಯವರ ಮೊರೆಯು ಕಾರ್ಖಾನೆಯನ್ನು ಅಲುಗಿಸಿತು. ಬೇಸಾಯದ ಗಿರಾಕಿಯು ಆ ಕಾರ್ಯವನ್ನು ನಿಲ್ಲದಂತೆ ನಡೆಸಿತು. ಮೊರೆಗೆ ನ್ಯಾಯಾಸನದ ಬಲ ದೊರೆತಲ್ಲಿ ಕಾರ್ಯವು ಬೇಗನಾಯಿತು. ದೊರೆಯದ ಸ್ವಾನ್ಸಿಯಲ್ಲಿ ನಾಲ್ಕು ದಶಕಗಳು ಕಳೆದವು.

೫

ಈಗ ಮಲೆನಾಡಿಗೆ ಬರಬಹುದು. ಬೇಸಾಯದ ಗಿರಾಕಿಯೆಂದು ಮೇಲೆ ಹೇಳಿದುದು ಗೊಬ್ಬರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ೧೮೮೨ರಲ್ಲಿ ಫ್ರಾನ್ಸಿನ ಬೋರ್ಡೊ ಪಟ್ಟಣದ ಪ್ರಾಧ್ಯಾಪಕನಾದ ಮಿಲಾರ್ಡೆ, ದಾರಿಯ ಬದಿಯ ದ್ರಾಕ್ಷಿಯ ಬಳ್ಳಿಗಳಲ್ಲಿ ಮಾತ್ರ ಬೂಷ್ಟು ರೋಗವು ಕಡಮೆಯಾಗಿರುವುದನ್ನು ಕಂಡನು. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ತೋಟಗಾರರು ಆ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳ ನೀರನ್ನು ಎರಚಿದ್ದರು. ಮೂರು ವರ್ಷಗಳ ಪರೀಕ್ಷೆಯ ಮೇಲೆ ೧೮೮೫ರಲ್ಲಿ ಆತನು ಪ್ರಕಟಿಸಿದ ಈ ಮಿಶ್ರಣವೇ ಬೋರ್ಡೊ ದ್ರಾವಣ. ಅಂದಿನಿಂದ ಮೈಲುತುತ್ತವು ವೈದ್ಯನ ಚೀಲವನ್ನು ಬಿಟ್ಟು ತೋಟಗಾರನ ಮೂಟೆಗೆ ಸೇರಿತು.

ಅಡಿಕೆಯ ಕೊಳೆರೋಗವು ಮಲೆನಾಡಿನ ಹಳೆಯ ಶತ್ರು. ಎಡೆಬಿಡದೆ ಮಳೆ ಸುರಿಯುವ ಆಷಾಢ ಶ್ರಾವಣಗಳಲ್ಲಿ ಎಳೆಯ ಕಾಯಿಗಳು ಹೊಳಪುಗೆಟ್ಟು, ಕೊಳೆತು, ರಾಶಿರಾಶಿಯಾಗಿ ಉದುರುವುವು. ಬಿದ್ದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಬೆಳೆಯುವುದು. ರೋಗವು ಸುಳಿಗೆ ಏರಿದರೆ ಮರವೇ ಸಾಯುವುದು. ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆಯನ್ನು ಕಟ್ಟುವುದೊಂದೇ ತೋಟಗಾರರಿಗೆ ತಿಳಿದಿದ್ದ ಉಪಾಯ. ಈ ಸೀಮೆಯ ಮಾತು ಶಾಸ್ತ್ರದ ಭಾಷೆಗೂ ಸೇರಿಹೋಗಿರುವುದನ್ನು ಇಲ್ಲಿ ಗಮನಿಸಬಹುದು. ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ಶಾಸ್ತ್ರಜ್ಞನು ಕಾಫಿಯ ಗಿಡದ ಬೇರೊಂದು ಶಿಲೀಂಧ್ರಕ್ಕೆ ಹೆಸರಿಡುವಾಗ ಕೊಳೆರೋಗವೆಂಬ ಕನ್ನಡ ಪದವನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದನು.

ಅಡಿಕೆಯ ಕೊಳೆರೋಗದ ಕಾರಣವನ್ನು ಶಾಸ್ತ್ರೀಯವಾಗಿ ನಿರ್ಣಯಿಸಿದವರು ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು. ಅವರು ಕೆನಡಾದವರು, ಗಾಟಿಂಗೆನ್ನಿನಲ್ಲಿ ವ್ಯಾಸಂಗ ಮಾಡಿದವರು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದವರು. ಫೈಟಾಫ್ತೊರ ಜಾತಿಯ ಶಿಲೀಂಧ್ರವೇ ಈ ರೋಗಕ್ಕೆ ಕಾರಣವೆಂದು ೧೯೧೦ರಲ್ಲಿ ಅವರು ಪ್ರಕಟಿಸಿ, ಮಳೆಗೆ ಮೊದಲು ಕೊನೆಗಳಿಗೆ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಈ ಶಿಲೀಂಧ್ರದ ಬೀಜಾಣುಗಳು ನೀರಿನಲ್ಲಿ ಈಜಿ ಹರಡುವುವು. ಕಾಯಿಯ ಮೇಲೆ ತಾಮ್ರದ ತೆಳುವಾದ ಲೇಪವಿದ್ದರೆ ಅವು ಮೊಳೆಯಲಾರವು. ರೋಗ ಹತ್ತಿದ ಕಾಯನ್ನು ಈ ಮದ್ದು ಗುಣಪಡಿಸಲಾರದು; ಹತ್ತದಂತೆ ಕಾಯುವುದಷ್ಟೇ ಅದರ ಶಕ್ತಿ.

ಮದ್ದನ್ನು ಕೂಡಿಸುವ ಕ್ರಮವು ಇಂದು ತೋಟದ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದೆ. ೧೦೦ ಪಾಲು ನೀರಿಗೆ ಒಂದು ಪಾಲು ಮೈಲುತುತ್ತ, ಒಂದು ಪಾಲು ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ಕೆಂಪು ಕಟ್ಟಿದರೆ ತಾಮ್ರವು ಬಿಡಿಯಾಗಿ ಉಳಿದಿದೆಯೆಂದರ್ಥ. ಆಗ ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಮಳೆಗೆ ತೊಳೆದುಹೋಗದಿರಲೆಂದು ರಾಳ ಸೋಡಾಗಳ ಅಂಟನ್ನು ಬೆರೆಸುವ ಪದ್ಧತಿಯೂ ಬಂದಿತು. ಮೊದಲ ಸಿಂಪರಣೆಯಾದ ಸುಮಾರು ಒಂದೂವರೆ ತಿಂಗಳಿಗೆ ಎರಡನೆಯದು ಆಗಬೇಕು. ಸೊರಬದ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು. ಪೂರ್ವಕ್ಕೆ ಶಿಕಾರಿಪುರದ ಕಡೆಗೆ ಹೋದಂತೆ ಅದು ಕಡಮೆಯಾಗುವುದರಿಂದ ರೋಗದ ಭಯವೂ ಸಡಿಲವಾಗುವುದು. ಮಳೆ ಹಿಡಿದು ಮರದ ಕಾಂಡವು ಜಾರತೊಡಗುವುದರೊಳಗೆ ಮದ್ದಿನ ಹೊರೆಯೊಡನೆ ಮರದಿಂದ ಮರಕ್ಕೆ ದಾಟಬೇಕಾದ ಕೊನೆಗಾರನ ಸಾಹಸವನ್ನು ಇಲ್ಲಿ ಸ್ಮರಿಸದಿರಲಾಗದು.

ಆ ನೀಲಿಯ ಹರಳಿನ ೧೦೦ ತೂಕದಲ್ಲಿ ಸುಮಾರು ೨೫ ತೂಕ ತಾಮ್ರ, ೧೩ ತೂಕ ಗಂಧಕ; ಅದನ್ನು ತಯಾರಿಸಲು ಸುಮಾರು ೩೯ ತೂಕ ಗಂಧಕಾಮ್ಲ ಬೇಕು. ಸಿಸಿಲಿ, ಲೂಸಿಯಾನ, ಟೆಕ್ಸಾಸುಗಳ ಗಂಧಕ, ಪೈರೈಟಿನ ಅದಿರು, ಇತ್ತೀಚೆಗೆ ಕಲ್ಲೆಣ್ಣೆಯನ್ನು ಶುದ್ಧಿಮಾಡುವಾಗ ದೊರೆಯುವ ಗಂಧಕ, ಕುಲುಮೆಗಳ ಹೊಗೆ ಇವೆಲ್ಲವೂ ಪ್ರಪಂಚದ ಆಮ್ಲದ ಮೂಲಗಳು. ಭಾರತದಲ್ಲಿಯೂ ರಾಜಸ್ಥಾನದ ದೇಬಾರಿಯ ಸತುವಿನ ಕಾರ್ಖಾನೆ, ಖೇತ್ರಿಯ ತಾಮ್ರದ ಕಾರ್ಖಾನೆ ಮುಂತಾದವುಗಳೊಡನೆ ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಆಮ್ಲದ ಘಟಕಗಳು ಕಟ್ಟಲ್ಪಟ್ಟವು.

೬

ಶಿವಮೊಗ್ಗ ಜಿಲ್ಲೆಯು ಕೇವಲ ಮದ್ದನ್ನು ಕೊಂಡ ಜಿಲ್ಲೆಯಲ್ಲ. ಹೊಗೆಯನ್ನು ಹಿಡಿದ ಪ್ರಯತ್ನವೊಂದು ಅಲ್ಲಿಯೂ ನಡೆಯಿತು. ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಬೇಕೆಂಬ ನಿರ್ಣಯವು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ಕಾಲದಲ್ಲಿ ಆಯಿತು. ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ, ಕಾಡಿದ್ದಿತು. ಆದುದರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಲಿನಿಂದ ಕರಗಿಸುವ ಯೋಜನೆಯಾಯಿತು. ೧೯೨೩ರ ಜನವರಿಯಲ್ಲಿ ಕುಲುಮೆ ಉರಿಯತೊಡಗಿತು.

ಗಂಧಕಕ್ಕೂ ಕಬ್ಬಿಣಕ್ಕೂ ಇರುವ ಸಂಬಂಧವು ತಾಮ್ರದ್ದಕ್ಕೆ ವಿಪರೀತವಾದುದು. ಕಲ್ಲಿದ್ದಲ ಗಂಧಕವು ಕಬ್ಬಿಣದಲ್ಲಿ ಸೇರಿದರೆ ಕಾಸಿದಾಗ ಲೋಹವು ಒಡೆಯುವುದು. ಇದ್ದಲಿನಲ್ಲಿ ಗಂಧಕವು ಅತ್ಯಲ್ಪವಾದುದರಿಂದ ಇದ್ದಲಿನ ಕಬ್ಬಿಣಕ್ಕೆ ಮಾರುಕಟ್ಟೆಯಲ್ಲಿ ಗೌರವವಿದ್ದಿತು. ಆದರೆ ಮರವನ್ನು ಬಯಲಿನಲ್ಲಿ ಸುಟ್ಟು ಇದ್ದಲು ಮಾಡಿದರೆ ಅದರ ಹೊಗೆಯೆಲ್ಲ ವ್ಯರ್ಥವಾಗುವುದು. ಭದ್ರಾವತಿಯಲ್ಲಿ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯನ್ನು ತಂಪುಗೊಳಿಸಿ, ಸುಣ್ಣದ ಅಸಿಟೇಟ್, ಮರದ ಮದ್ಯಸಾರ, ಕೀಲು ಇವುಗಳನ್ನು ಪಡೆಯುವ ದೊಡ್ಡ ಯಂತ್ರಾಗಾರವನ್ನು ಕಟ್ಟಿದರು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮುಂದೆ ಮರದ ಬಟ್ಟಿಯಿಳಿಸುವಿಕೆಯ ಉಲ್ಲೇಖವಿದ್ದಿತು.

ಇಲ್ಲಿ ನೆರೆಯವರ ಮೊರೆಯಿರಲಿಲ್ಲ, ನ್ಯಾಯಾಸನದ ಆಜ್ಞೆಯಿರಲಿಲ್ಲ. ಹೊಗೆಯನ್ನು ಹಿಡಿದುದು ಲಾಭದ ಲೆಕ್ಕದ ಮೇಲೆ. ಯುದ್ಧಕಾಲದಲ್ಲಿ ಏರಿದ್ದ ಬೆಲೆಗಳು ಆ ಲೆಕ್ಕಕ್ಕೆ ಆಧಾರವಾಗಿದ್ದವು. ಭದ್ರಾವತಿಯ ಕುಲುಮೆ ಹೊತ್ತಿದ ೧೯೨೩ನೆಯ ಇಸವಿಯಲ್ಲಿಯೇ ಜರ್ಮನಿಯ ಲಾಯ್ನದಲ್ಲಿ ಮರದ ಮದ್ಯಸಾರವನ್ನು ಮರದ ಸಹಾಯವಿಲ್ಲದೆ ಅನಿಲಗಳಿಂದಲೇ ಕೂಡಿಸುವ ಕಾರ್ಖಾನೆ ಪ್ರಾರಂಭವಾಯಿತು. ಪ್ರಪಂಚದಾದ್ಯಂತ ಮರದ ಹೊಗೆಯ ಸರಕುಗಳಿಗೆ ಬೆಲೆ ಕುಸಿಯಿತು. ಭದ್ರಾವತಿಯು ಮುಂದೆ ಉಕ್ಕಿಗೂ, ೧೯೩೮ರಲ್ಲಿ ಸಿಮೆಂಟಿಗೂ ಕೈಹಾಕಿತು. ೧೯೫೦ರ ದಶಕದಲ್ಲಿ ವಿದ್ಯುತ್ತಿನ ಕುಲುಮೆಗಳು ಬಂದವು. ಮರದ ಹೊಗೆಯ ಯಂತ್ರಾಗಾರವು ಕಾಲಗರ್ಭದಲ್ಲಿ ಸೇರಿತು.

ಗಂಧಕಾಮ್ಲದ ವಿಷಯದಲ್ಲಿಯೂ ಸಂಸ್ಥಾನವು ಸುಮ್ಮನಿರಲಿ‌ಲ್ಲ. ಮೈಸೂರಿಗೆ ಸಮೀಪದ ಬೆಳಗೊಳದಲ್ಲಿ ಗಂಧಕಾಮ್ಲ, ಅಮೋನಿಯಗಳನ್ನು ತಯಾರಿಸಿ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ಕೊಡುವ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲಕ್ಕೆ ಏರ್ಪಟ್ಟಿದ್ದಿತು. ಟ್ರೇಲಿನಲ್ಲಿ ಹೊಗೆಯಿಂದ ಆದ ಸರಕೇ ಬೆಳಗೊಳದಲ್ಲಿ ಸಂಸ್ಥಾನದ ರೈತನ ಹೊಲಕ್ಕಾಗಿ ತಯಾರಾಯಿತು.

೭

ಇಷ್ಟು ಸಂಗತಿಗಳನ್ನು ಒಂದೆಡೆ ಇಟ್ಟು ನೋಡಿದರೆ, ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ತೋರುತ್ತದೆ. ಹೊಗೆಯಲ್ಲಿ ಸಂಪತ್ತಿದೆಯೆಂಬ ವಿದ್ಯೆ ಒಂದೇ ಅದನ್ನು ಹಿಡಿಯುವುದಕ್ಕೆ ಎಲ್ಲಿಯೂ ಸಾಕಾಗಲಿಲ್ಲ. ಲಾಭವೊಂದನ್ನೇ ನೆಚ್ಚಿದ ಭದ್ರಾವತಿಯ ಪ್ರಯತ್ನವು ಲಾಭವು ಹೋದೊಡನೆ ಹೋಯಿತು. ಡಕ್‌ಟೌನ್, ಟ್ರೇಲುಗಳಲ್ಲಿ ಮಾತ್ರ ಕಾರ್ಯವು ನೆಲೆಯೂರಿತು. ಅಲ್ಲಿ ಹೊಗೆಯನ್ನು ಬಿಡುವುದಕ್ಕೂ ಒಂದು ಬೆಲೆಯಿದೆಯೆಂದು ನ್ಯಾಯಾಸನವು ಗೊತ್ತುಮಾಡಿದ್ದಿತು. ಬೆಲೆ ಏರಿದರೂ ಇಳಿದರೂ ಆ ಋಣವು ತಪ್ಪುವಂತಿರಲಿಲ್ಲ.

ಸೊರಬ, ಶಿಕಾರಿಪುರಗಳ ತೋಟಗಾರನಿಗೂ ಈ ಪಾಠವು ಅನ್ವಯಿಸುತ್ತದೆ. ಗಂಧಕವು ಮಳೆಗೆ ಕರಗಿ ಹೋಗುವುದು; ತಾಮ್ರವು ಹಾಗೆ ಹೋಗುವುದಲ್ಲ. ವರ್ಷವರ್ಷವೂ ಸಿಂಪಡಿಸಿದುದು ಮರದ ಬುಡದ ಮಣ್ಣಿನಲ್ಲಿ ನಿಲ್ಲುವುದು. ಯೂರೋಪಿನ ದ್ರಾಕ್ಷಿಯ ತೋಟಗಳ ಮಣ್ಣಿನಲ್ಲಿ ನೂರು ವರ್ಷಗಳ ಬೋರ್ಡೊ ದ್ರಾವಣದಿಂದ ತಾಮ್ರವು ಶೇಖರವಾಗಿರುವುದು ಪರೀಕ್ಷೆಗಳಿಂದ ಸಿದ್ಧವಾಗಿ, ಅಲ್ಲಿ ಅದರ ಬಳಕೆಗೆ ಮಿತಿಯನ್ನು ವಿಧಿಸಲಾಗಿದೆ. ಅಡಿಕೆಯ ತೋಟವು ವರದಾ, ದಂಡಾವತಿಗಳ ಕಡೆಗೆ ನೀರನ್ನು ಬಸಿಯುವ ಕಣಿವೆಯ ಬೆಳೆ. ತೋಟದಲ್ಲಿ ಸುರಿದುದು ಕೆಳಗಿನ ಗದ್ದೆಗೂ ಸಂಬಂಧಿಸಿದುದು. ಸ್ವಾನ್ಸಿಯ ಬೇಸಾಯಗಾರನು ಎರಡು ಶತಮಾನಗಳ ಹಿಂದೆ ಕೇಳಿದ ಪ್ರಶ್ನೆಯನ್ನು, ಎಂದರೆ ಒಬ್ಬನ ಬೆಳೆಯ ಉಳಿವಿಗಾಗಿ ಹೊರಬಿಟ್ಟುದು ಮತ್ತೊಬ್ಬನ ನೆಲದಲ್ಲಿ ಏನಾಗುವುದೆಂಬ ಪ್ರಶ್ನೆಯನ್ನು, ನವಿಲಿನ ಬಣ್ಣದ ಈ ಹರಳನ್ನು ಕರಗಿಸುವಾಗ ಮಲೆನಾಡಿನ ತೋಟಗಾರನೂ ಕೇಳಿಕೊಳ್ಳಬೇಕಾಗಿದೆ.